ಗಾಂಧಿ ಒಂದು ವರ್ಷ ಇನ್-ಹೌಸ್ ಲಾಯರ್ ಆಗಿದ್ದರು

ಕಳೆದ ದೀಪಾವಳಿಗೆ ಊರಿಗೆ ಹೋದರೆ ನಮ್ಮ ದೊಡ್ಡಪ್ಪನ ಮನೆಯಲ್ಲಿ ಸೂತಕದ ಕಳೆ. ಹೋಳಿಗೆ ಮಾಡಿದ್ದರು, ಬಡಿಸಿದರು, ಆದರೆ ಯಾರೂ ಯಾರ ಜೊತೆಗೂ ಮಾತಾಡ್ತಿರಲಿಲ್ಲ. ದೊಡ್ಡಮ್ಮ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: "ನಿಮ್ಮಣ್ಣ ಲಾಯರಿಕೆ ಬಿಡ್ತಾನಂತೆ ಕಣೋ. ನಿಂಥರ ಕಂಪನಿ ಸೇರ್ತಾನಂತೆ. ನೀನಾದ್ರೂ ಒಂದು ಮಾತು ಹೇಳು."

ನನ್ನ ಥರ ಕಂಪನಿ ಸೇರೋದು ಒಂದು ಮನೆಯಲ್ಲಿ ಸೂತಕಕ್ಕೆ ಕಾರಣ ಆಗಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ನಾನು ಬಿಇ ಮುಗಿಸಿ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿದಾಗ ಇದೇ ದೊಡ್ಡಪ್ಪ ಅರ್ಧ ಕೆಜಿ ಮೈಸೂರು ಪಾಕ್ ತಂದಿದ್ದರು.

ವಿಷಯ ಇಷ್ಟೇ. ಅಣ್ಣ ಬೆಂಗಳೂರಿನ ಒಂದು ಲಾ ಫರ್ಮಿನಲ್ಲಿ ಒಂಬತ್ತು ವರ್ಷ ದುಡಿದಿದ್ದಾನೆ. ಬೆಳಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಹನ್ನೊಂದು. ಆರು ಆರು ನಿಮಿಷದ ಲೆಕ್ಕದಲ್ಲಿ ಯಾವ ಕ್ಲೈಂಟಿಗೆ ಏನು ಕೆಲಸ ಮಾಡಿದೆ ಅಂತ ಟೈಮ್‌ಶೀಟ್ ತುಂಬಬೇಕು. ಈಗ ಒಂದು ಸಾಫ್ಟ್‌ವೇರ್ ಕಂಪನಿ ಅವನನ್ನ ತನ್ನ ಲೀಗಲ್ ಟೀಮಿಗೆ ಕರೆದಿದೆ. ಇದಕ್ಕೆ 'ಇನ್-ಹೌಸ್' ಅಂತಾರೆ. ಅಂದರೆ ಹತ್ತು ಕಕ್ಷಿದಾರರ ಬದಲು ಒಬ್ಬನೇ ಕಕ್ಷಿದಾರ, ಮತ್ತು ಆ ಕಕ್ಷಿದಾರನೇ ನಿಮ್ಮ ಯಜಮಾನ. ನಾನೂ ಎಂಟು ವರ್ಷ ಸರ್ವೀಸ್ ಕಂಪನಿಯಲ್ಲಿದ್ದು ಪ್ರಾಡಕ್ಟ್ ಕಂಪನಿಗೆ ಬಂದವನು. ನನಗೆ ಇದರಲ್ಲಿ ಅಳುವಂಥದ್ದು ಏನೂ ಕಾಣಲಿಲ್ಲ.

ದೊಡ್ಡಪ್ಪನಿಗೆ ಕಂಡಿತ್ತು. ನಮ್ಮ ತೆಂಗಿನ ತೋಟದ ಮೂಡಣ ಬದುವಿನ ಮೇಲೆ, ಪಕ್ಕದ ತೋಟದ ದಾಯಾದಿಗಳ ಜೊತೆ ಅವರು ಹತ್ತೊಂಬತ್ತು ವರ್ಷದಿಂದ ಕೋರ್ಟಿಗೆ ಅಲೆದಿದ್ದಾರೆ. ಪ್ರತಿ ವಾಯಿದೆಗೂ ಬಸ್ಸಿನಲ್ಲಿ ತಾಲ್ಲೂಕಿಗೆ ಹೋಗಿ, ವಕೀಲರ ಗುಮಾಸ್ತನಿಗೆ ಕೈಮುಗಿದು, ಮುಂದಿನ ತಾರೀಖು ಬರೆಸಿಕೊಂಡು ಬಂದು, ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನಲ್ಲಿ ಸುತ್ತು ಹಾಕಿಡುವವರು. ಮಗ ಕರಿ ಕೋಟು ಹಾಕಿದ ದಿನ ಅವರ ಪಾಲಿಗೆ ಅರ್ಧ ಕೇಸು ಗೆದ್ದ ಹಾಗೆ. ಈಗ ಮಗ ಆ ಕೋಟನ್ನ ಬಿಚ್ಚಿ ಮೊಳೆಗೆ ನೇತುಹಾಕ್ತೀನಿ ಅಂತಿದ್ದಾನೆ.

ಇದು ಬರೀ ಮಾತಿಗೆ ಅಲ್ಲ, ಕಾನೂನಿನ ಪ್ರಕಾರವೇ ಕೋಟು ಬಿಚ್ಚಬೇಕು. ನಮ್ಮ ದೇಶದಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮ ಅಂತ ಒಂದಿದೆ. ವಕೀಲಿಕೆ ಮಾಡುವವನು ಯಾರ ಬಳಿಯೂ ಪೂರ್ಣಾವಧಿ ಸಂಬಳದ ನೌಕರ ಆಗಿರಬಾರದು, ಆದರೆ ಬಾರ್ ಕೌನ್ಸಿಲ್‌ಗೆ ತಿಳಿಸಿ ವಕೀಲಿಕೆ ನಿಲ್ಲಿಸಬೇಕು. ಲಾ ಫರ್ಮಿನಲ್ಲಿ ತಿಂಗಳು ತಿಂಗಳು ದುಡ್ಡು ಬರಲ್ವಾ ಅಂತ ನೀವು ಕೇಳಬಹುದು. ಬರತ್ತೆ, ಆದರೆ ಅದಕ್ಕೆ ಸಂಬಳ ಅನ್ನಲ್ಲ, ರಿಟೇನರ್ ಫೀ ಅಂತಾರೆ. ಪಿಎಫ್ ಇಲ್ಲ, ಟಿಡಿಎಸ್ ಹಿಡಿಯೋದು ವೃತ್ತಿಪರ ಶುಲ್ಕದ ಲೆಕ್ಕದಲ್ಲಿ. ಒಂಬತ್ತು ವರ್ಷ ಒಂದೇ ಆಫೀಸಿಗೆ ಹೋಗಿ ಬಂದಿದ್ದರೂ ಕಾಗದದ ಮೇಲೆ ಅಣ್ಣ ಯಾರ ನೌಕರನೂ ಅಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಕಾಂಟ್ರಾಕ್ಟರ್.

ಅವತ್ತು ರಾತ್ರಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಾಗ ನನಗೆ ಹೊಳೆದದ್ದು ಗಾಂಧಿ. ಪಿಯುಸಿಯಲ್ಲಿ ಬಹುಮಾನವಾಗಿ ಬಂದಿದ್ದ ಅವರ ಆತ್ಮಕಥೆಯನ್ನ ಆಗ ಬಿಟ್ಟು ಬಿಟ್ಟು ಓದಿದ್ದೆ, ಮೂವತ್ತು ದಾಟಿದ ಮೇಲೆ ಬಸ್ಸಿನಲ್ಲಿ ಕೂತು ಪೂರ್ತಿ ಓದಿದೆ. ಎರಡನೇ ಸಲ ಓದುವಾಗ ಕಣ್ಣಿಗೆ ಬಿದ್ದಿದ್ದು ಮಹಾತ್ಮ ಅಲ್ಲ, ಕೆಲಸ ಹುಡುಕುತ್ತಿರುವ ಒಬ್ಬ 23 ವರ್ಷದ ಹುಡುಗ. ಆ ಹುಡುಗನ ಕಥೆಯನ್ನ ಶಾಲೆಯಲ್ಲಿ ನಮಗೆ ರೈಲಿನಿಂದ ಶುರು ಮಾಡಿ ಹೇಳಿಕೊಟ್ಟರು. ಆ ರೈಲು ಯಾಕೆ ಹತ್ತಿದ್ದರು ಅನ್ನೋದು ಒಂದು ಸಾಲಿನಲ್ಲಿ ಮುಗಿದುಹೋಯಿತು. ನನಗೆ ಆ ಒಂದು ಸಾಲೇ ಮುಖ್ಯ.

1891ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದ ಎರಡೇ ದಿನಕ್ಕೆ ಮೋಹನದಾಸ ಹಡಗು ಹತ್ತಿದರು. ಮನೆಯವರು ಸಾಲ ಸೋಲ ಮಾಡಿ ಕಳಿಸಿದ್ದರು. ಅಣ್ಣ ಲಕ್ಷ್ಮೀದಾಸರಿಗಂತೂ ತಮ್ಮ ಬಂದು ಮನೆ ಎತ್ತಿ ನಿಲ್ಲಿಸ್ತಾನೆ ಅಂತ ಭಾರಿ ನಿರೀಕ್ಷೆ. ಬೊಂಬಾಯಿಯಲ್ಲಿ ಸಿಕ್ಕಿದ ಮೊದಲ ಕೇಸು ಸ್ಮಾಲ್ ಕಾಸಸ್ ಕೋರ್ಟಿನದು, ಫೀಸು 30 ರೂಪಾಯಿ. ಕೇಸು ತರುವ ದಲ್ಲಾಳಿಗೆ ಕಮಿಷನ್ ಕೊಡಲ್ಲ ಅಂತ ಹಟ ಹಿಡಿದೇ ಕೋರ್ಟಿಗೆ ಹೋದರು. ಪಾಟೀಸವಾಲಿಗೆ ಎದ್ದು ನಿಂತರೆ ತಲೆ ಗಿರ್ ಅಂತು, ಬಾಯಿಂದ ಒಂದು ಪ್ರಶ್ನೆ ಹೊರಡಲಿಲ್ಲ. ಕೂತುಬಿಟ್ಟರು. ಬೇರೆ ವಕೀಲರನ್ನ ಇಟ್ಟುಕೊಳ್ಳಿ ಅಂತ ಫೀಸು ವಾಪಸ್ ಕೊಟ್ಟು ಹೊರಗೆ ಬಂದರು. ಆ ಬೇರೆ ವಕೀಲರಿಗೆ 51 ರೂಪಾಯಿ ಸಿಕ್ಕಿತು. ಅವರಿಗೆ ಆ ಕೇಸು ಮಕ್ಕಳಾಟ.

ಆಮೇಲೆ ಪೇಪರಿನಲ್ಲಿ ಒಂದು ಜಾಹೀರಾತು ನೋಡಿದರು. ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರು ಬೇಕು, ದಿನಕ್ಕೆ ಒಂದು ಗಂಟೆ ಪಾಠ, ಸಂಬಳ 75 ರೂಪಾಯಿ. ಅರ್ಜಿ ಹಾಕಿದರು, ಇಂಟರ್‌ವ್ಯೂಗೂ ಹೋದರು. ನೀವು ಪದವೀಧರರಲ್ಲ ಅಂತ ವಾಪಸ್ ಕಳಿಸಿದರು. ಬ್ಯಾರಿಸ್ಟರ್ ಆಗಿದ್ದರೂ ಡಿಗ್ರಿ ಇರಲಿಲ್ಲ! ಕೆಲಸಕ್ಕೆ ಅರ್ಜಿ ಹಾಕಿ 'ಎಲಿಜಿಬಿಲಿಟಿ ಕ್ರೈಟೀರಿಯಾ' ಅನ್ನೋ ಗೋಡೆಗೆ ತಲೆ ಚಚ್ಚಿಕೊಂಡ ನಮ್ಮಂಥವರಿಗೆ ಇದು ಸ್ವಲ್ಪ ಸಮಾಧಾನ ಕೊಡುವ ಸಂಗತಿ.

ಆರು ತಿಂಗಳಲ್ಲಿ ಬೊಂಬಾಯಿ ಖಾಲಿ ಮಾಡಿ ರಾಜಕೋಟೆಗೆ ಬಂದರು. ಅಲ್ಲಿ ಅಣ್ಣನ ಪಾಲುದಾರ ವಕೀಲರ ಕಚೇರಿ ಚೆನ್ನಾಗಿ ನಡೀತಿತ್ತು. ಅದರ ಆಸರೆಯಲ್ಲಿ ಅರ್ಜಿ, ಮನವಿ ಬರೆದುಕೊಡುವ ಕೆಲಸ. ತಿಂಗಳಿಗೆ ಸರಾಸರಿ 300 ರೂಪಾಯಿ ದುಡಿಮೆ. ಕೋರ್ಟಿನಲ್ಲಿ ಬಾಯಿ ಬಿಡುವ ಅಗತ್ಯ ಇಲ್ಲ. ಇವತ್ತಿನ ಲಾ ಫರ್ಮಿನ ಜೂನಿಯರ್ ಮಾಡುವುದೂ ಹೆಚ್ಚು ಕಮ್ಮಿ ಅದನ್ನೇ, ಡ್ರಾಫ್ಟಿಂಗ್. ಆದರೆ ಬೊಂಬಾಯಿಯಲ್ಲಿ ಬೇಡ ಅಂದಿದ್ದ ಕಮಿಷನ್ ವ್ಯವಹಾರಕ್ಕೆ ಇಲ್ಲಿ ಅಣ್ಣನ ಮಾತು ಕೇಳಿ ತಲೆಬಾಗಬೇಕಾಯಿತು. ಅದನ್ನ ಅವರೇ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಇದರ ಮೇಲೆ ಅಣ್ಣನ ಪರವಾಗಿ ಮಾತಾಡೋಕೆ ಅಂತ ಬ್ರಿಟಿಷ್ ಅಧಿಕಾರಿಯ ಬಳಿ ಹೋದರೆ, ಆತ ಜವಾನನ ಕೈಲಿ ಹೊರಗೆ ದಬ್ಬಿಸಿದ. ವಕೀಲಿಕೆ ಮಾಡಬೇಕಾಗಿದ್ದು ಅದೇ ಅಧಿಕಾರಿಯ ಕಚೇರಿಯಲ್ಲಿ. ಅಲ್ಲಿಗೆ ರಾಜಕೋಟೆ ಸಾಕಾಗಿಹೋಯಿತು.

ಆ ಹೊತ್ತಿಗೆ ಸರಿಯಾಗಿ ಪೋರಬಂದರದ ಒಂದು ಮೇಮನ್ ವ್ಯಾಪಾರಿ ಸಂಸ್ಥೆಯಿಂದ ಅಣ್ಣನಿಗೆ ಒಂದು ಕಾಗದ ಬಂತು. ದಾದಾ ಅಬ್ದುಲ್ಲಾ ಅಂಡ್ ಕಂಪನಿ. ದಕ್ಷಿಣ ಆಫ್ರಿಕಾದಲ್ಲಿ ನಮ್ಮ ದೊಡ್ಡ ವ್ಯವಹಾರ ಇದೆ, ಅಲ್ಲಿ 40,000 ಪೌಂಡಿನ ಕೇಸು ನಡೀತಿದೆ, ದೊಡ್ಡ ದೊಡ್ಡ ವಕೀಲರನ್ನ ಇಟ್ಟಿದ್ದೇವೆ, ನಿಮ್ಮ ತಮ್ಮನನ್ನ ಕಳಿಸಿದರೆ ನಮಗಿಂತ ಚೆನ್ನಾಗಿ ಆ ವಕೀಲರಿಗೆ ವಿಷಯ ತಿಳಿಸಿ ಹೇಳ್ತಾನೆ ಅನ್ನೋದು ಸಾರಾಂಶ.

ಇದನ್ನ ಇನ್ನೊಂದು ಸಲ ಓದಿ. ಕೋರ್ಟಿನಲ್ಲಿ ವಾದ ಮಾಡೋದಲ್ಲ. ಹೊರಗಿನ ವಕೀಲರಿಗೂ ಕಂಪನಿಗೂ ನಡುವೆ ನಿಂತು, ಕಂಪನಿಯ ವ್ಯವಹಾರವನ್ನ ಅವರಿಗೆ ಅರ್ಥ ಮಾಡಿಸೋದು, ಕಾಗದಪತ್ರ ಹೊಂದಿಸೋದು, ಇಂಗ್ಲಿಷಿನಲ್ಲಿ ಪತ್ರವ್ಯವಹಾರ ನೋಡಿಕೊಳ್ಳೋದು. ನಮ್ಮಣ್ಣನ ಆಫರ್ ಲೆಟರಿನಲ್ಲಿರುವ ಜಾಬ್ ಡಿಸ್ಕ್ರಿಪ್ಶನ್ನೂ ಇದೇ! ಒಂದು ವರ್ಷದ ಕರಾರು, ಹೋಗಿ ಬರಲು ಫಸ್ಟ್ ಕ್ಲಾಸ್ ಟಿಕೆಟ್, ಊಟ-ವಸತಿ ಕಂಪನಿಯದು, ಮೇಲೆ 105 ಪೌಂಡ್. ಇದು ಬ್ಯಾರಿಸ್ಟರಾಗಿ ಹೋಗುವುದಲ್ಲ, ಸಂಸ್ಥೆಯ ನೌಕರನಾಗಿ ಹೋಗುವುದು ಅಂತ ಗಾಂಧಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಚೌಕಾಶಿ ಮಾಡದೆ ಒಪ್ಪಿದರು.

ಲೆಕ್ಕ ಹಾಕಿ ನೋಡಿದೆ. ಆಗ ಒಂದು ಪೌಂಡಿಗೆ ಸುಮಾರು 16 ರೂಪಾಯಿ. 105 ಪೌಂಡ್ ಅಂದರೆ ವರ್ಷಕ್ಕೆ 1,700ರ ಹತ್ತಿರ, ತಿಂಗಳಿಗೆ ಬರೀ 140. ರಾಜಕೋಟೆಯಲ್ಲಿ 300 ಬರ್ತಿತ್ತಲ್ಲ? ಊಟ-ವಸತಿ ಪುಕ್ಕಟೆ ಅನ್ನೋದನ್ನ ಸೇರಿಸಿಕೊಂಡರೂ ಕೈಗೆ ಬರುವ ದುಡ್ಡಿನ ಲೆಕ್ಕದಲ್ಲಿ ಇದು ಕಡಿತವೇ. ಲಾ ಫರ್ಮಿನಿಂದ ಇನ್-ಹೌಸ್ ಹೋದವರಲ್ಲಿ ಅನೇಕರು ಇದನ್ನೇ ಹೇಳ್ತಾರೆ: ಸಂಬಳ ಸ್ವಲ್ಪ ಕಮ್ಮಿ, ಆದರೆ ಉಸಿರಾಡಬಹುದು. ಗಾಂಧಿಗೂ ಅಷ್ಟೇ ಬೇಕಾಗಿತ್ತು.

1893ರ ಏಪ್ರಿಲ್‌ನಲ್ಲಿ ಹೊರಟು ಮೇ ಕೊನೆಗೆ ಡರ್ಬನ್ ಸೇರಿದರು. ಅಬ್ದುಲ್ಲಾ ಸೇಠರಿಗೆ ಇವರನ್ನ ನೋಡಿ ಖುಷಿಯೇನೂ ಆಗಲಿಲ್ಲ. ಸಾಹೇಬರ ಹಾಗೆ ಉಡುಪು, ಖರ್ಚಿನ ಗಿರಾಕಿ. ತಮ್ಮ ಒಂದು ಬಿಳಿ ಆನೆಯನ್ನ ಕಳಿಸಿಬಿಟ್ಟನಲ್ಲಪ್ಪ ಅನ್ನಿಸಿತಂತೆ. ಸೇಠರು ಹೆಚ್ಚು ಓದಿದವರಲ್ಲ, ಬುದ್ಧಿ ಮಾತ್ರ ಚುರುಕು. ಅವರ ತಲೆಯಲ್ಲಿ ಓಡಿದ ಪ್ರಶ್ನೆ ಇವತ್ತಿನ ಯಾವ ಮ್ಯಾನೇಜರೂ ಕೇಳಬಹುದಾದದ್ದೇ: ಕೇಸು ಇವನ ಕೈಗೆ ಕೊಡಲಾಗದಿದ್ದರೆ ಬೇರೆ ಏನು ಕೆಲಸ ಕೊಡಲಿ? ಮಿಕ್ಕ ಕೆಲಸ ಗುಮಾಸ್ತರು ಇನ್ನೂ ಚೆನ್ನಾಗಿ ಮಾಡ್ತಾರೆ. ಗುಮಾಸ್ತ ತಪ್ಪು ಮಾಡಿದರೆ ಬೈಯಬಹುದು, ಬ್ಯಾರಿಸ್ಟರನ್ನ ಬೈಯೋದು ಹೇಗೆ?

ಕೇಸಿನ ಕಾಗದ ನೋಡತೊಡಗಿದಾಗ ಬ್ಯಾರಿಸ್ಟರಿಗೆ ಎರಡನೇ ಸಲ ತಲೆ ಗಿರ್ ಅಂತು. ಎಲ್ಲಾ ಜಮಾ-ಖರ್ಚಿನ ಲೆಕ್ಕ. ಸೇಠರ ಗುಮಾಸ್ತ ಮಾತು ಮಾತಿಗೂ 'ಪಿ. ನೋಟ್' ಅಂತಾನೆ. ಡಿಕ್ಷನರಿ ತೆಗೆದು ಹುಡುಕಿದರು, ಸಿಗಲಿಲ್ಲ. ಕೊನೆಗೆ ಸಂಕೋಚ ಬಿಟ್ಟು ಗುಮಾಸ್ತನನ್ನೇ ಕೇಳಿದಾಗ ಗೊತ್ತಾಯಿತು, ಪ್ರಾಮಿಸರಿ ನೋಟ್ ಅಂತ.

ಪ್ರೋನೋಟು! ನಮ್ಮೂರಲ್ಲಿ ಗೊಬ್ಬರದ ಅಂಗಡಿಯವನಿಂದ ಹಿಡಿದು ಚೀಟಿ ನಡೆಸುವ ಆಂಟಿಯವರೆಗೆ ಎಲ್ಲರಿಗೂ ಗೊತ್ತಿರುವ ಪ್ರೋನೋಟು ಲಂಡನ್ನಿನಲ್ಲಿ ಓದಿದ ಬ್ಯಾರಿಸ್ಟರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ರೋಮನ್ ಕಾನೂನು. ನನಗೆ ಇದು ಬಹಳ ಇಷ್ಟವಾದ ಘಟ್ಟ. ಯಾಕಂದರೆ ನಾನು ಕಾಲೇಜಿನಲ್ಲಿ ಕಂಪೈಲರ್ ಡಿಸೈನ್ ಓದಿ, ಮೊದಲ ಪ್ರಾಜೆಕ್ಟಿಗೆ ಬ್ಯಾಂಕಿನ ಸಾಫ್ಟ್‌ವೇರಿಗೆ ಹೋಗಿ, ಡೆಬಿಟ್ ಯಾವುದು ಕ್ರೆಡಿಟ್ ಯಾವುದು ತಿಳಿಯದೆ ಮೂರು ವಾರ ತಲೆಯಾಡಿಸಿದವನು. ಗಾಂಧಿ ತಲೆಯಾಡಿಸಲಿಲ್ಲ. ಬುಕ್-ಕೀಪಿಂಗಿನ ಪುಸ್ತಕ ತಂದು ಓದಿ ಕಲಿತರು.

ಆಮೇಲೆ ಆ ರೈಲು. ಕೇಸು ಇದ್ದದ್ದು ಟ್ರಾನ್ಸ್‌ವಾಲಿನ ಪ್ರಿಟೋರಿಯಾದಲ್ಲಿ. ಕಂಪನಿಯೇ ಫಸ್ಟ್ ಕ್ಲಾಸ್ ಟಿಕೆಟ್ ತೆಗೆಸಿತ್ತು. ಹಾಸಿಗೆ ಬೇಕಾದರೆ ಐದು ಶಿಲ್ಲಿಂಗ್ ಹೆಚ್ಚಿಗೆ. ತಗೊಳ್ಳಿ ಅಂತ ಸೇಠರು ಒತ್ತಾಯ ಮಾಡಿದರು, ಇವರು ಹಟ ಮತ್ತು ಉಳಿತಾಯ ಎರಡನ್ನೂ ಸೇರಿಸಿ ಬೇಡ ಅಂದರು. ಮ್ಯಾರಿಟ್ಸ್‌ಬರ್ಗಿನಲ್ಲಿ ಏನಾಯಿತು ಅನ್ನೋದು ನಿಮಗೆ ಗೊತ್ತಿದೆ, ಮತ್ತೆ ಹೇಳಲ್ಲ. ಆ ಚಳಿಯ ರಾತ್ರಿ ಸ್ಟೇಷನ್ನಿನಲ್ಲಿ ಕೂತು ಅವರು ಯೋಚಿಸಿದ ದಾರಿಗಳಲ್ಲಿ ಭಾರತಕ್ಕೆ ವಾಪಸ್ ಹೋಗೋದೂ ಒಂದು. ಒಪ್ಪಿಕೊಂಡ ಕೆಲಸ ಮುಗಿಸದೆ ಓಡಿ ಹೋಗೋದು ಹೇಡಿತನ ಅನ್ನಿಸಿ ಉಳಿದರು ಅಂತ ಬರೆದಿದ್ದಾರೆ. ಅಂದರೆ ಅವರನ್ನ ಅಲ್ಲಿ ಹಿಡಿದಿಟ್ಟ ಕಾರಣಗಳಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ಒಂದು ವರ್ಷದ ಕರಾರೂ ಇತ್ತು. ನಮ್ಮ ಪಠ್ಯಪುಸ್ತಕದವರು ಇದನ್ನ ಯಾಕೆ ಬಿಟ್ಟರೋ.

ಪ್ರಿಟೋರಿಯಾದಲ್ಲಿ ಕಂಪನಿಯ ಅಟಾರ್ನಿ ಎ. ಡಬ್ಲ್ಯೂ. ಬೇಕರ್. ಗಾಂಧಿಯಿಂದ ಅವರಿಗೆ ಬೇಕಾಗಿದ್ದು ಮಾಹಿತಿ. ವಾರಕ್ಕೆ 35 ಶಿಲ್ಲಿಂಗ್ ಕೊಟ್ಟು ಒಂದು ಮನೆಯಲ್ಲಿ ಉಳಿದು, ಕೇಸಿನ ಪ್ರತಿ ಚೀಟಿಯನ್ನೂ ಓದಿದರು. ಗುಜರಾತಿ ಪತ್ರಗಳನ್ನ ಇಂಗ್ಲಿಷಿಗೆ ತಂದರು. ವಾದಿಯ ಪರವಾಗಿ ಅಟಾರ್ನಿಗೆ ಸಂಗತಿಗಳನ್ನ ಸಿದ್ಧ ಮಾಡಿಕೊಟ್ಟರು, ಅದರಲ್ಲಿ ಅಟಾರ್ನಿ ಯಾವುದು ತಗೊಂಡ, ಯಾವುದು ಬಿಟ್ಟ ಅಂತ ಗಮನಿಸಿದರು. ಕಾನೂನಿನ ಮುಕ್ಕಾಲು ಪಾಲು ಸಂಗತಿಯೇ ಅಂತ ಲಂಡನ್ನಿನಲ್ಲಿ ಒಬ್ಬ ಹಿರಿಯರು ಹೇಳಿದ್ದ ಮಾತು ಇಲ್ಲಿ ಅರ್ಥವಾಯಿತು. ಬೊಂಬಾಯಿಯ ಕೋರ್ಟು ಕಲಿಸದ್ದನ್ನ ಒಬ್ಬನೇ ಕಕ್ಷಿದಾರನ ಒಂದೇ ಕೇಸು ಕಲಿಸಿತು. ತಾನೂ ವಕೀಲನಾಗಬಲ್ಲೆ ಅನ್ನೋ ಧೈರ್ಯ ಬಂದದ್ದು ಇಲ್ಲೇ.

ಕೇಸನ್ನ ಪೂರ್ತಿ ಓದಿದವರಿಗೆ ಎರಡು ವಿಷಯ ಕಾಣಿಸ್ತು. ಒಂದು, ದಾದಾ ಅಬ್ದುಲ್ಲಾ ಪಕ್ಷ ಗಟ್ಟಿ, ಕಾನೂನು ಅವರ ಕಡೆ ಇದೆ. ಎರಡು, ಕೇಸು ಹೀಗೇ ನಡೆದರೆ ಗೆದ್ದವನೂ ಮುಳುಗ್ತಾನೆ. ಎದುರು ಪಕ್ಷದ ತೈಯಬ್ ಸೇಠ್ ಬೇರೆ ಯಾರೂ ಅಲ್ಲ, ಸಂಬಂಧಿಕ, ಒಂದೇ ಊರಿನವನು. ಎರಡೂ ಕಡೆ ವಕೀಲರ ಫೀಸು ಏರ್ತಾ ಹೋಗ್ತಿತ್ತು. ವ್ಯಾಪಾರ ಬಿಟ್ಟು ಇಬ್ಬರೂ ಇದೇ ಧ್ಯಾನದಲ್ಲಿದ್ದರು.

ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಕಡೆ ಗಾದೆ. ಇದು ದೊಡ್ಡಪ್ಪನಿಗೂ ಗೊತ್ತು, ಬೇರೆಯವರ ಕೇಸಿನ ಬಗ್ಗೆ ಮಾತಾಡುವಾಗ ಹೇಳ್ತಾರೆ.

ಹೊರಗಿನ ವಕೀಲರಿಗೆ ಮೀಟರ್ ಓಡ್ತಿರತ್ತೆ. ಅವರು ಕೆಟ್ಟವರು ಅಂತಲ್ಲ, ಕೇಸು ನಡೆಸೋದು ಅವರ ಕೆಲಸ. ಮೀಟರ್ ನಿಲ್ಲಿಸಿದರೆ ಯಾರಿಗೆ ಲಾಭ ಅಂತ ನೋಡಬೇಕಾದವನು ಒಳಗಿನವನು. ಗಾಂಧಿ ತೈಯಬ್ ಸೇಠರ ಬಳಿ ಹೋಗಿ ಮಧ್ಯಸ್ಥಿಕೆಗೆ ಒಪ್ಪಿ ಅಂತ ಕೇಳಿದರು. ಕೊನೆಗೆ ಇಬ್ಬರೂ ಒಪ್ಪಿದರು. ಮಧ್ಯಸ್ಥಗಾರರ ಮುಂದೆ ದಾದಾ ಅಬ್ದುಲ್ಲಾ ಗೆದ್ದರು. ತೈಯಬ್ ಸೇಠ್ ಕೊಡಬೇಕಾಗಿ ಬಂದದ್ದು 37,000 ಪೌಂಡ್, ಜೊತೆಗೆ ಖರ್ಚು.

ಹೆಚ್ಚಿನ ವಕೀಲರಿಗೆ ಕೆಲಸ ಇಲ್ಲಿಗೆ ಮುಗೀತು. ಆದರೆ ಅಷ್ಟು ದುಡ್ಡು ಒಟ್ಟಿಗೆ ಕಟ್ಟೋ ಶಕ್ತಿ ತೈಯಬ್ ಸೇಠರಿಗಿರಲಿಲ್ಲ. ದಿವಾಳಿ ಅನ್ನಿಸಿಕೊಳ್ಳೋದಕ್ಕಿಂತ ಸಾವೇ ಮೇಲು ಅಂತ ನಂಬಿದ್ದ ಸಮುದಾಯ ಅದು. ಗಾಂಧಿ ಈಗ ತಮ್ಮ ಯಜಮಾನನ ಮನೆ ಬಾಗಿಲಲ್ಲಿ ಕೂತರು. ಕಂತಿನಲ್ಲಿ ತಗೊಳ್ಳಿ, ತುಂಬಾ ವರ್ಷಗಳ ಕಂತು. ಎದುರಾಳಿಯನ್ನ ಮಧ್ಯಸ್ಥಿಕೆಗೆ ಒಪ್ಪಿಸಿದ್ದಕ್ಕಿಂತ ಗೆದ್ದ ಯಜಮಾನನನ್ನ ಕಂತಿಗೆ ಒಪ್ಪಿಸಿದ್ದೇ ಕಷ್ಟ ಆಯಿತು ಅಂತ ಬರೀತಾರೆ. ಸಂಬಳ ಕೊಡುವವನಿಗೆ ನಿನ್ನ ಹಕ್ಕು ಪೂರ್ತಿ ವಸೂಲಿ ಮಾಡಬೇಡ ಅಂತ ಹೇಳೋದು ಸುಲಭದ ಕೆಲಸವಲ್ಲ. ನಾನಂತೂ ನನ್ನ ಮ್ಯಾನೇಜರಿಗೆ ರಿಲೀಸ್ ಒಂದು ವಾರ ಮುಂದೂಡಿ ಅಂತ ಹೇಳೋಕೆ ಮೂರು ಸಲ ಮೇಲ್ ಬರೆದು ಅಳಿಸಿದ್ದೀನಿ.

ಎಲ್ಲರ ಕಥೆಯೂ ಹೀಗೆ ಆಗಲ್ಲ ಅನ್ನೋದಕ್ಕೆ ಅದೇ ಕಾಲದ ಇನ್ನೊಬ್ಬ ಇನ್-ಹೌಸ್ ಲಾಯರ್ ಇದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಡಾಡ್. 1859ರಲ್ಲಿ ಟೈಟಸ್‌ವಿಲ್‌ನಲ್ಲಿ ಎಣ್ಣೆ ಚಿಮ್ಮಿದ ವರ್ಷವೇ, ಅಲ್ಲಿಗೆ ಹತ್ತಿರದ ಫ್ರಾಂಕ್ಲಿನ್ ಅನ್ನೋ ಊರಲ್ಲಿ ವಕೀಲಿಕೆ ಶುರು ಮಾಡಿದವರು. ಮೊದಮೊದಲು ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ವಿರೋಧಿಗಳ ಪಾಳಯದಲ್ಲೇ ಇದ್ದರು. ಆಮೇಲೆ ಅದೇ ಕಂಪನಿ ಕರೆಯಿತು, ಹೋದರು. ಕಂಪನಿಯ ಷೇರು ತಗೊಳ್ಳಿ ಅಂದರೆ ಬೇಡ ಅಂದರು. ಷೇರು ಇಟ್ಟುಕೊಂಡವನ ಸಲಹೆ ನೆಟ್ಟಗಿರಲ್ಲ, ನನಗೆ ಸಂಬಳ ಸಾಕು ಅನ್ನೋದು ಅವರ ನಿಲುವು. ಅದೇ ಷೇರನ್ನ ಇಟ್ಟುಕೊಂಡಿದ್ದರೆ ಭಾರಿ ಶ್ರೀಮಂತ ಆಗ್ತಿದ್ದರು. ನಮ್ಮಣ್ಣನ ಆಫರಿನಲ್ಲಿ ನಾಲ್ಕು ವರ್ಷದ ಇಸಾಪ್ ಇದೆ. ಈ ಡಾಡ್ ಕಥೆ ಹೇಳಿದ್ದಕ್ಕೆ ನನ್ನನ್ನ ದುರುಗುಟ್ಟಿ ನೋಡಿದ.

ಇಷ್ಟು ನೇರ ಮನುಷ್ಯ ಮಾಡಿದ ಕೆಲಸ ಏನು ಗೊತ್ತಾ? ಒಂದು ರಾಜ್ಯದ ಕಂಪನಿ ಇನ್ನೊಂದು ರಾಜ್ಯದ ಕಂಪನಿಯ ಷೇರು ಹಿಡಿಯೋದಕ್ಕೆ ಆಗಿನ ಕಾನೂನಿನಲ್ಲಿ ಅಡ್ಡಿಗಳಿದ್ದವು. ಡಾಡ್ ಬುದ್ಧಿ ಓಡಿಸಿ 1882ರಲ್ಲಿ 'ಟ್ರಸ್ಟ್' ಅನ್ನೋ ಹೊಸ ರಚನೆ ಕಟ್ಟಿಕೊಟ್ಟರು. ಹತ್ತಾರು ಕಂಪನಿಗಳ ಷೇರುಗಳೆಲ್ಲ ಒಂಬತ್ತು ಜನ ಟ್ರಸ್ಟಿಗಳ ಕೈಗೆ. ಅಮೆರಿಕದ ಎಣ್ಣೆ ಶುದ್ಧೀಕರಣದ ಬಹುಪಾಲು ಒಂದೇ ಮುಷ್ಟಿಗೆ ಬಂತು. ನೋಡಿದ ಬೇರೆ ಉದ್ಯಮದವರೂ ಇದನ್ನ ಕಾಪಿ ಹೊಡೆದರು. ಇಂಥ ಟ್ರಸ್ಟುಗಳನ್ನ ಮುರಿಯೋಕೆ ಅಂತಲೇ 1890ರಲ್ಲಿ ಷರ್ಮನ್ ಕಾಯ್ದೆ ಬಂತು. ಇವತ್ತಿಗೂ ಏಕಸ್ವಾಮ್ಯ ತಡೆಯೋ ಕಾನೂನಿಗೆ ಅಮೆರಿಕದಲ್ಲಿ 'ಆಂಟಿಟ್ರಸ್ಟ್' ಅಂತಲೇ ಹೆಸರು. 1892ರಲ್ಲಿ ಓಹಿಯೋದ ಸುಪ್ರೀಂ ಕೋರ್ಟು ಆ ಏರ್ಪಾಡಿಗೆ ಏಟು ಕೊಟ್ಟಿತು, 1911ರಲ್ಲಿ ದೇಶದ ಸುಪ್ರೀಂ ಕೋರ್ಟು ಕಂಪನಿಯನ್ನೇ ಒಡೆಯುವಂತೆ ಹೇಳಿ ಅದು 34 ತುಂಡಾಯಿತು. ಡಾಡ್ ಅದನ್ನ ನೋಡೋಕೆ ಇರಲಿಲ್ಲ, 1907ರಲ್ಲೇ ತೀರಿಕೊಂಡಿದ್ದರು.

ಡಾಡ್ ದುಡ್ಡಿಗೆ ಬಾಗಲಿಲ್ಲ. ನನಗನ್ನಿಸೋದು, ಅವರನ್ನ ಬಾಗಿಸಿದ್ದು ಒಂದು ಒಳ್ಳೇ ಪ್ರಾಬ್ಲಮ್ ಬಿಡಿಸೋ ಖುಷಿ. ಇಂಜಿನಿಯರಾಗಿ ನನಗೆ ಈ ಖಾಯಿಲೆಯ ಪರಿಚಯ ಚೆನ್ನಾಗಿದೆ. ಬಿಸಿನೆಸ್‌ನವರು ಏನೋ ಕೇಳ್ತಾರೆ, ಕಷ್ಟದ ಕೆಲಸ, ಎರಡು ರಾತ್ರಿ ಕೂತು ಚೆಂದಾಗಿ ಬರೆದುಕೊಡ್ತೀವಿ. ಅದನ್ನ ಯಾಕೆ ಕೇಳಿದರು ಅಂತ ಕೇಳೋದು ಮೂರನೇ ದಿನ.

ಒಳಗಿನ ಲಾಯರನ್ನ ಕಾನೂನು ಪೂರ್ತಿ ನಂಬದೇ ಇರೋದಕ್ಕೆ ಕಾರಣವೂ ಇಲ್ಲೇ ಎಲ್ಲೋ ಇರಬೇಕು. ಕಕ್ಷಿದಾರ ವಕೀಲನಿಗೆ ಹೇಳಿದ್ದು ಗುಟ್ಟು, ಅದನ್ನ ಹೊರಹಾಕು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲ ಅನ್ನೋದು ಹಳೇ ರಕ್ಷಣೆ. ಸಂಬಳದ ವಕೀಲನಿಗೂ ಇದು ಇದೆಯಾ? ಐರೋಪ್ಯ ಸಮುದಾಯದ ನ್ಯಾಯಾಲಯ 1982ರಲ್ಲೇ ಇಲ್ಲ ಅಂದಿತ್ತು. 2003ರಲ್ಲಿ ಅಧಿಕಾರಿಗಳು ಮ್ಯಾಂಚೆಸ್ಟರಿನಲ್ಲಿ ಅಕ್ಜೋ ನೊಬೆಲ್ ಗುಂಪಿನ ಕಂಪನಿಗಳ ಕಚೇರಿ ಶೋಧಿಸಿದಾಗ, ಒಬ್ಬ ಮ್ಯಾನೇಜರ್ ಮತ್ತು ಇನ್-ಹೌಸ್ ಲಾಯರ್ ನಡುವಿನ ಎರಡು ಇಮೇಲ್ ಸಿಕ್ಕಿದವು. ಆ ಲಾಯರ್ ನೆದರ್ಲೆಂಡ್ಸಿನ ಬಾರ್‌ನಲ್ಲಿ ನೋಂದಾಯಿಸಿಕೊಂಡಿದ್ದರೂ, ಸಂಬಳಕ್ಕೆ ಕಂಪನಿಯನ್ನೇ ನಂಬಿದವನು ಹೊರಗಿನ ವಕೀಲನಷ್ಟು ಸ್ವತಂತ್ರ ಅಲ್ಲ ಅಂತ 2010ರಲ್ಲಿ ಐರೋಪ್ಯ ನ್ಯಾಯಾಲಯ ತೀರ್ಪು ಕೊಟ್ಟಿತು. ನಮ್ಮ ಹಬ್ಬ ಮುಗಿದು ಹತ್ತು ದಿನಕ್ಕೇ, 2025ರ ಅಕ್ಟೋಬರ್ 31ರಂದು, ನಮ್ಮ ಸುಪ್ರೀಂ ಕೋರ್ಟೂ ಹೆಚ್ಚು ಕಮ್ಮಿ ಅದೇ ದಾರಿ ಹಿಡಿಯಿತು: ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ವಕೀಲರಿಗೆ ಕೊಡುವ ರಕ್ಷಣೆ ಇನ್-ಹೌಸ್ ಕೌನ್ಸೆಲ್‌ಗೆ ಸಿಗಲ್ಲ. ಅಣ್ಣ ಆ ಸುದ್ದಿಯ ಲಿಂಕನ್ನ ನನಗೆ ಕಳಿಸಿ, ಕೆಳಗೆ ಒಂದು ಕೈಮುಗಿಯೋ ಎಮೋಜಿ ಹಾಕಿದ್ದ.

ಹಾಗಂತ ಯಾರೂ ಹೋಗೋದು ನಿಲ್ಲಿಸಿಲ್ಲ. ಒಂದು ಕಾಲಕ್ಕೆ ದೊಡ್ಡ ಫರ್ಮುಗಳಲ್ಲಿ ಪಾರ್ಟ್ನರ್ ಆಗಲಾರದವರು ಕಂಪನಿ ಸೇರ್ತಾರೆ ಅನ್ನೋ ತಾತ್ಸಾರ ಇತ್ತು. 1987ರಲ್ಲಿ ಬೆನ್ ಹೈನ್‌ಮನ್ ಸಿಡ್ಲಿ ಅಂಡ್ ಆಸ್ಟಿನ್ ಅನ್ನೋ ದೊಡ್ಡ ಫರ್ಮು ಬಿಟ್ಟು ಜನರಲ್ ಎಲೆಕ್ಟ್ರಿಕ್ ಸೇರಿದರು, ಬೇರೆ ಫರ್ಮುಗಳ ಘಟಾನುಘಟಿಗಳನ್ನೂ ಒಳಗೆ ಎಳೆದುಕೊಂಡರು. ಅಲ್ಲಿಂದ ಗಾಳಿ ತಿರುಗಿತು ಅಂತ ಆ ಕ್ಷೇತ್ರದವರು ಹೇಳ್ತಾರೆ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಕೂತಿರುವ ಕಂಪನಿಗಳಿಗೂ ಲೀಗಲ್ ಟೀಮುಗಳಿವೆ. ನಿಮ್ಮ ಆಫೀಸಿನಲ್ಲೂ ಇರಬಹುದು, ಓಪನ್ ಸೋರ್ಸ್ ಲೈಸೆನ್ಸ್ ಕೇಳಿ ಮೇಲ್ ಮಾಡಿದರೆ ನಾಲ್ಕು ದಿನ ಬಿಟ್ಟು ಉತ್ತರ ಕೊಡೋರು ಅವರೇ.

ಮಾರನೇ ದಿನ ಬೆಳಗ್ಗೆ ತೋಟದಲ್ಲಿ ದೊಡ್ಡಪ್ಪ ಎಳನೀರು ಕೆತ್ತುತ್ತಾ ಕೂತಿದ್ದರು. ಅಣ್ಣ ಸ್ವಲ್ಪ ದೂರದಲ್ಲಿ ಫೋನ್ ನೋಡ್ತಾ ನಿಂತಿದ್ದ. ನಾನು ದೊಡ್ಡಮ್ಮನಿಗೆ ಕೊಟ್ಟ ಮಾತಿಗೆ ತಕ್ಕಂತೆ ಒಂದು ಮಾತು ಹೇಳೋಣ ಅಂತ ಗಾಂಧಿ ಕಥೆ ಪೂರ್ತಿ ಹೇಳಿದೆ. ದೊಡ್ಡಪ್ಪ ಮಧ್ಯೆ ಎಲ್ಲೂ ತಡೆಯಲಿಲ್ಲ. ತೈಯಬ್ ಸೇಠ್ ಸಂಬಂಧಿಕ ಅಂತ ಬಂದಾಗ ಮಾತ್ರ ಮಚ್ಚು ಒಂದು ಗಳಿಗೆ ನಿಂತಿತು, ಮೂಡಣ ಬದುವಿನ ಕಡೆ ಒಮ್ಮೆ ನೋಡಿದರು, ಮತ್ತೆ ಕೆತ್ತತೊಡಗಿದರು.

"ಸಂಬಳ ಕಮ್ಮಿ ಆಯ್ತು ಅಂದ್ಯಲ್ಲ ಗಾಂಧಿಗೆ?"

"ಹೂಂ ದೊಡ್ಡಪ್ಪ. ಅರ್ಧಕ್ಕರ್ಧ."

"ಇವನಿಗೆ?"

"ಸ್ವಲ್ಪ ಕಮ್ಮಿ. ಷೇರು ಕೊಡ್ತಾರೆ."

"ವರ್ಷ ಆದ್ಮೇಲೆ ಗಾಂಧಿ ಏನ್ಮಾಡಿದ್ರು?"

ಅದನ್ನೂ ಹೇಳಿದೆ. 1894ರಲ್ಲಿ ಕರಾರು ಮುಗಿಸಿ ಊರಿಗೆ ಹೊರಟಿದ್ದರು, ಬೀಳ್ಕೊಡುಗೆ ಊಟವೂ ಆಯಿತು. ಭಾರತೀಯರ ಮತದಾನದ ಹಕ್ಕು ಕಿತ್ತುಕೊಳ್ಳುವ ಮಸೂದೆಯ ಸುದ್ದಿ ಅವತ್ತೇ ಪೇಪರಿನಲ್ಲಿ ನೋಡಿದರು. ನಿಲ್ಲಿ ಅಂತ ಅಲ್ಲಿನವರು ಕೇಳಿಕೊಂಡರು. ಸಾರ್ವಜನಿಕ ಕೆಲಸಕ್ಕೆ ದುಡ್ಡು ಮುಟ್ಟಲ್ಲ ಅಂದರು. ಸುಮಾರು ಇಪ್ಪತ್ತು ವ್ಯಾಪಾರಿಗಳು ತಮ್ಮ ತಮ್ಮ ಕೇಸು ಕೊಡ್ತೀವಿ ಅಂತ ಒಂದು ವರ್ಷದ ರಿಟೇನರ್ ಕಟ್ಟಿದರು. ವಿದಾಯಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ದಾದಾ ಅಬ್ದುಲ್ಲಾ ಮನೆಗೆ ಬೇಕಾದ ಮೇಜು ಕುರ್ಚಿ ಕೊಡಿಸಿದರು. ನಟಾಲಿನ ಲಾ ಸೊಸೈಟಿ ಅಡ್ಡ ಬಂದರೂ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆದರು.

"ಅಂದ್ರೆ ವಾಪಸ್ ಕೋರ್ಟಿಗೇ ಬಂದ್ರು," ಅಂದರು ದೊಡ್ಡಪ್ಪ.

"ಬಂದ್ರು."

ಅಣ್ಣ ಫೋನಿಂದ ತಲೆ ಎತ್ತಿ, "ಸನ್ನದು ರದ್ದಾಗಲ್ಲ ಅಪ್ಪ, ತಡೆ ಹಿಡೀತಾರೆ ಅಷ್ಟೇ. ಕೆಲಸ ಬಿಟ್ಟು ಅರ್ಜಿ ಹಾಕಿದ್ರೆ ಮತ್ತೆ ಶುರು ಮಾಡ್ಬೋದು," ಅಂದ. ಮೂರು ದಿನದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು.

ದೊಡ್ಡಪ್ಪ ಎಳನೀರಿನ ಬಾಯಿ ಕತ್ತರಿಸಿ ಮೊದಲು ನನಗೆ ಕೊಟ್ಟರು. ಎರಡನೆಯದನ್ನ ಕೆತ್ತಿ, ಕೈ ಚಾಚಿ ಅವನ ಕಡೆ ಹಿಡಿದರು. "ಜನವರಿ ಹದಿನಾರಕ್ಕೆ ವಾಯ್ದೆ ಐತೆ. ಅವತ್ತು ರಜಾ ಹಾಕ್ಕೊಂಡು ಬಾ. ಕೋಟು ಬ್ಯಾಡ, ಹಂಗೇ ಬಾ."